ಸಾಕ್ಷಿ ಹೇಳಲು ಬನ್ನಿ: ಕೊಡಗಿನ ಒಳ್ಳೆಯ ಜನರಿಗೊಂದು ಬಹಿರಂಗ ಪತ್ರ

ಕೊಡಗಿನ ನನ್ನ ಜನರೇ,

ಈ ಪತ್ರ ಜಾತಿ, ಬಣ್ಣ, ಮುಖ ನೋಡಿ ಜನರನ್ನು ಬೈಯುವವರಿಗಲ್ಲ. ಅವರಿಗೆ ಬರೆದು ಪ್ರಯೋಜನವಿಲ್ಲ, ಓದುವುದೂ ಇಲ್ಲ. ಅವರು ಬೈಯುವಾಗ ಪಕ್ಕದಲ್ಲಿ ನಿಂತಿರುತ್ತೀರಲ್ಲ, ನಿಮಗೆ ಬರೆಯುತ್ತಿದ್ದೇನೆ. "ನಾನಂತೂ ಯಾರಿಗೂ ಹಾಗೆಲ್ಲ ಅನ್ನಲ್ಲಪ್ಪ, ನನಗೆ ಎಲ್ಲರೂ ಒಂದೇ" ಅನ್ನುತ್ತೀರಲ್ಲ, ನಿಮಗೆ. ಆ ಮಾತು ನಿಜ ಅಂತಲೇ ಇಟ್ಟುಕೊಳ್ಳೋಣ. ನಿಮ್ಮ ಒಳ್ಳೆಯತನದ ಮೇಲೆ ನನಗೆ ಅನುಮಾನವಿಲ್ಲ. ಅದು ಬೇಕಾದವರ ಕೈಗೆ ಸಿಗುತ್ತಿಲ್ಲ ಅನ್ನುವುದಷ್ಟೇ ನನ್ನ ತಕರಾರು.

ನಾನು ಗೋಣಿಕೊಪ್ಪಲಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟವನು. ಆಧಾರ್ ತಿದ್ದುಪಡಿ, ರೇಷನ್ ಕಾರ್ಡ್, ಜಾತಿ ಪ್ರಮಾಣಪತ್ರದ ಅರ್ಜಿ, ರೈಲ್ವೆ ಟಿಕೆಟ್, ಜೊತೆಗೆ ದೂರು ಟೈಪ್ ಮಾಡಿಕೊಡುವುದು. ವಕೀಲನಲ್ಲ, ಯಾವ ಸಂಘಟನೆಯವನೂ ಅಲ್ಲ. ಆದರೆ ದೂರು ಟೈಪ್ ಮಾಡುವವನಿಗೆ ಒಂದು ವಿಷಯ ಬೇಗ ಗೊತ್ತಾಗುತ್ತದೆ. ಏನಾಯಿತು, ಎಲ್ಲಾಯಿತು, ಯಾರು ಏನೆಂದರು, ಎಲ್ಲ ಸರಾಗವಾಗಿ ಬರುತ್ತದೆ. "ಸಾಕ್ಷಿಗಳು" ಅನ್ನುವ ಸಾಲಿಗೆ ಬಂದಾಗ ಎದುರು ಕೂತವರು ಸುಮ್ಮನಾಗುತ್ತಾರೆ. ಅಲ್ಲಿ ಜನ ಇರಲಿಲ್ಲ ಅಂತಲ್ಲ. ಹತ್ತು ಜನ ಇದ್ದರು. ಹೆಸರು ಹಾಕುವ ಹಾಗಿಲ್ಲ, ಅಷ್ಟೇ.

ಜನಾಂಗೀಯ ದ್ವೇಷ ಅಂದ ಕೂಡಲೇ ನಮಗೆ ಅಮೆರಿಕ ನೆನಪಾಗುತ್ತದೆ, ದಕ್ಷಿಣ ಆಫ್ರಿಕ ನೆನಪಾಗುತ್ತದೆ. ನಮ್ಮಲ್ಲಿ ಅದೆಲ್ಲಿದೆ, ಇಲ್ಲಿರುವುದು ಜಾತಿ ಅಲ್ವಾ ಅನ್ನುತ್ತೀರಿ. ಸರಿ, ಭಾನುವಾರ ಗೋಣಿಕೊಪ್ಪಲಿನ ಸಂತೆಗೋ ಸಿದ್ದಾಪುರದ ಸಂತೆಗೋ ಬನ್ನಿ. ತೋಟಗಳಿಗೆಲ್ಲ ರಜೆ, ತೋಟದ ಕೂಲಿಯವರು ಇರುವ ಲೈನ್ ಮನೆಗಳ ಜನವೆಲ್ಲ ಪೇಟೆಯಲ್ಲಿ. ಎರವ ಆದಿವಾಸಿ ಹೆಂಗಸೊಬ್ಬಳು ಮೀನಿನ ಅಂಗಡಿ ಮುಂದೆ ನಿಂತರೆ ಅವಳು ಬೆಲೆ ಕೇಳುವ ಮೊದಲೇ "ದುಡ್ಡಿದೆಯಾ?" ಅನ್ನುವ ಪ್ರಶ್ನೆ ಬರುತ್ತದೆ. ಅವಳ ಬಣ್ಣ ನೋಡಿ, ಗುಂಗುರು ಕೂದಲು ನೋಡಿ ಹುಡುಗರು ಏನೋ ಅಂದು ನಗುತ್ತಾರೆ. ಅಸ್ಸಾಮಿನಿಂದ ಬಂದ ಹುಡುಗ ಮೊಬೈಲ್ ರೀಚಾರ್ಜ್ ಮಾಡಿಸಲು ಬಂದರೆ "ಏಯ್ ಬಾಂಗ್ಲಾ". ರೆಸಾರ್ಟಿನಲ್ಲಿ ಕೆಲಸಕ್ಕಿರುವ ಮಣಿಪುರದ ಹುಡುಗಿ ಬಸ್ ಹತ್ತಿದರೆ "ಚೈನೀಸ್", ಇಲ್ಲವಾದರೆ "ಮೊಮೊ". ಬೈಲುಕುಪ್ಪೆಯ ಟಿಬೆಟನ್ನರು 1960ರ ದಶಕದಿಂದ ಕುಶಾಲನಗರದ ಪಕ್ಕದಲ್ಲೇ ಇದ್ದಾರೆ. ಅಲ್ಲೇ ಹುಟ್ಟಿ, ಅಲ್ಲೇ ಬೆಳೆದು, ನಮ್ಮಷ್ಟೇ ಚೆನ್ನಾಗಿ ಕನ್ನಡ ಮಾತಾಡುವವರಿಗೂ "ನೀವು ಯಾವಾಗ ವಾಪಸ್ ಹೋಗ್ತೀರಿ?" ಅಂತ ಕೇಳುವವರಿದ್ದಾರೆ. 2020ರಲ್ಲಿ ಕೊರೊನಾ ಬಂದಾಗಲಂತೂ ಈಶಾನ್ಯದವರನ್ನು ಕಂಡಲ್ಲಿ "ಕೊರೊನಾ" ಅಂತಲೇ ಕರೆಯುವುದು ದೇಶದ ಎಷ್ಟೋ ಕಡೆ ನಡೆಯಿತು. ಹಾಗೆ ಮಾಡುವವರ ಮೇಲೆ ಕ್ರಮ ಕೈಗೊಳ್ಳಿ ಅಂತ ಆ ಮಾರ್ಚ್‌ನಲ್ಲಿ ಕೇಂದ್ರ ಗೃಹ ಸಚಿವಾಲಯವೇ ರಾಜ್ಯಗಳಿಗೆ ಬರೆಯಬೇಕಾಯಿತು.

ಇದರಲ್ಲಿ ಜಾತಿ ಎಷ್ಟು, ಬಣ್ಣ ಎಷ್ಟು, ಮುಖಚಹರೆ ಎಷ್ಟು ಅಂತ ತೂಗುವ ಕೆಲಸ ಬೇರೆಯವರು ಮಾಡಲಿ. ವಿಶ್ವಸಂಸ್ಥೆಯಲ್ಲಿ 1965ರಲ್ಲಿ ಜನಾಂಗೀಯ ತಾರತಮ್ಯದ ವಿರುದ್ಧ ಒಂದು ಒಪ್ಪಂದವಾಯಿತು, ಭಾರತವೂ 1968ರಲ್ಲಿ ಅದನ್ನು ಅಂಗೀಕರಿಸಿತು. ಜನಾಂಗ, ಬಣ್ಣ, ವಂಶ, ಹುಟ್ಟಿದ ಮೂಲ, ಎಲ್ಲವೂ ಅದರಲ್ಲಿ ಒಂದೇ ಸಾಲಿನಲ್ಲಿವೆ. ವಂಶ ಅಂದರೆ ಅದರಲ್ಲಿ ಜಾತಿ ಬರುವುದಿಲ್ಲ ಅಂತ ನಮ್ಮ ಸರ್ಕಾರ ವಾದಿಸುತ್ತಾ ಬಂದಿದೆ. ಆ ವಾದ ವಿಶ್ವಸಂಸ್ಥೆಯವರು ಕೂರುವ ಜಿನೀವಾದಲ್ಲಿ ನಡೆಯಲಿ. ಮೀನಿನ ಅಂಗಡಿ ಮುಂದೆ ನಿಂತ ಹೆಂಗಸಿಗೆ ಅದರಿಂದ ಏನೂ ವ್ಯತ್ಯಾಸವಿಲ್ಲ.

ಇನ್ನೊಂದು ಇದೆ, ಇದು ಬೈಗುಳಕ್ಕಿಂತ ಅಪಾಯ. ಒಣಹಾಕಿದ್ದ ಕರಿಮೆಣಸು ಎರಡು ಚೀಲ ಕಳುವಾಯಿತು ಅಂದುಕೊಳ್ಳಿ. ಯಾರು ಕದ್ದರು ಅಂತ ಗೊತ್ತಾಗುವ ಮೊದಲೇ "ಅಸ್ಸಾಮಿಗಳದ್ದೇ ಕೆಲಸ" ಅಂತ ವಾಟ್ಸಾಪಿನಲ್ಲಿ ಬಂದಾಗಿರುತ್ತದೆ. ನಮ್ಮವನೊಬ್ಬ ಕದ್ದರೆ ಅವನು ಕಳ್ಳ. ಅವರವನೊಬ್ಬ ಕದ್ದರೆ ಅವರೆಲ್ಲ ಕಳ್ಳರು. 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೆಸರಘಟ್ಟ ಕಡೆ ಆದದ್ದು ನೆನಪಿರಬಹುದು. ಸುಡಾನಿನವನೊಬ್ಬನ ಕಾರು ಗುದ್ದಿ ಹೆಂಗಸೊಬ್ಬರು ಸತ್ತರು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬಂದ ತಾಂಜಾನಿಯದ ವಿದ್ಯಾರ್ಥಿನಿಯ ಮೇಲೆ ಗುಂಪು ಬಿದ್ದಿತು. ಅವಳಿಗೂ ಆ ಅಪಘಾತಕ್ಕೂ ಸಂಬಂಧವೇ ಇರಲಿಲ್ಲ. ಬಣ್ಣ ಒಂದೇ ಆಗಿತ್ತು.

ಈಗ ನನ್ನ ವಿಷಯಕ್ಕೆ ಬರುತ್ತೇನೆ. "ಇದಕ್ಕೆಲ್ಲ ನಾವೇನು ಮಾಡೋಕಾಗುತ್ತೆ, ಮೆರವಣಿಗೆ ಹೋಗೋಕಾಗುತ್ತಾ" ಅನ್ನುತ್ತೀರಿ. ಮೆರವಣಿಗೆ ಬೇಡ. ನೋಡಿದ್ದನ್ನು ನೋಡಿದೆ ಅಂತ ಹೇಳಿ. ನಾನು ಕೇಳುತ್ತಿರುವುದು ಇದೊಂದನ್ನೇ, ಆದರೆ ಇದು ಸಣ್ಣದೇನಲ್ಲ.

ಜಾರ್ಜ್ ಫ್ಲಾಯ್ಡ್ ಹೆಸರು ನಿಮಗೆ ಗೊತ್ತು. 2020ರ ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಪೊಲೀಸನೊಬ್ಬ ಅವರ ಕುತ್ತಿಗೆ ಮೇಲೆ ಮಂಡಿ ಊರಿ ಕೊಂದ. ನಮ್ಮೂರಿನ ಎಷ್ಟೋ ಹುಡುಗರು ಆಗ ಸ್ಟೇಟಸ್ ಹಾಕಿದ್ದರು. ಆದರೆ ಆ ದಿನ ಪೊಲೀಸರು ಹೊರಡಿಸಿದ ಮೊದಲ ಹೇಳಿಕೆ ಏನಿತ್ತು ಗೊತ್ತಾ? ಪೊಲೀಸರು ವಿಚಾರಿಸುವಾಗ ಒಬ್ಬ ವ್ಯಕ್ತಿ ಆರೋಗ್ಯ ಕೆಟ್ಟು ಸತ್ತ, ಅಷ್ಟೇ. ಮಂಡಿಯ ಮಾತೇ ಇಲ್ಲ. ಅಲ್ಲಿಗೆ ಮುಗಿಯುತ್ತಿತ್ತು. ಮುಗಿಯದಿದ್ದದ್ದು ಡಾರ್ನೆಲ್ಲಾ ಫ್ರೇಜಿಯರ್ ಎಂಬ 17 ವರ್ಷದ ಹುಡುಗಿಯಿಂದ. ಒಂಬತ್ತು ವರ್ಷದ ಕಸಿನ್ ತಂಗಿಯನ್ನು ಕರೆದುಕೊಂಡು ಮೂಲೆ ಅಂಗಡಿಗೆ ಹೊರಟಿದ್ದವಳು. ಚಿಕ್ಕವಳನ್ನು ಅಂಗಡಿಯೊಳಗೆ ಬಿಟ್ಟು, ಹೊರಗೆ ಬಂದು, ಫೋನ್ ಹಿಡಿದು ನಿಂತಳು. ಅವಳು ಯಾರಿಗೂ ಅಡ್ಡ ಹೋಗಲಿಲ್ಲ, ಭಾಷಣ ಮಾಡಲಿಲ್ಲ, ಕೊನೆಯವರೆಗೂ ನಿಂತಳು ಅಷ್ಟೇ. ಮುಂದಿನ ವರ್ಷ ನ್ಯಾಯಾಲಯದಲ್ಲೂ ಬಂದು ಸಾಕ್ಷಿ ಹೇಳಿದಳು. ಆ ಪೊಲೀಸನಿಗೆ ಶಿಕ್ಷೆಯಾಯಿತು. ಪ್ರಪಂಚವಿಡೀ ಬೀದಿಗಿಳಿದದ್ದು ಆಮೇಲಿನ ಮಾತು, ಮೊದಲು ಒಬ್ಬಳು ಫುಟ್‌ಪಾತಿನಲ್ಲಿ ನಿಂತಿದ್ದಳು.

ಅಮೆರಿಕದ ಕಥೆ ಬಿಡಿ, ನಮ್ಮ ಕಾನೂನಿಗೇ ಬನ್ನಿ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ 1989ರದ್ದು. ಎರವರು, ಜೇನು ಕುರುಬರು ಎಲ್ಲ ಪರಿಶಿಷ್ಟ ಪಂಗಡದಲ್ಲಿ ಬರುತ್ತಾರೆ. ಅವಮಾನ ಮಾಡಬೇಕು ಅಂತಲೇ ಬೈದರೆ ಸೆಕ್ಷನ್ 3(1)(ಆರ್), ಜಾತಿ ಹೆಸರು ಹಿಡಿದು ಬೈದರೆ 3(1)(ಎಸ್). ಆದರೆ ಎರಡಕ್ಕೂ ಒಂದು ಷರತ್ತು ಇದೆ. ಅದು ಸಾರ್ವಜನಿಕರ ಕಣ್ಣಿಗೆ ಬೀಳುವಂಥ ಜಾಗದಲ್ಲಿ ಆಗಿರಬೇಕು. 2008ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು: ಮನೆಯ ಗೇಟಿನ ಹತ್ತಿರ ಬೈದರೂ, ರಸ್ತೆಯಲ್ಲಿ ಹೋಗುವವರಿಗೆ ಕಾಣುತ್ತದೆ ಅಂದರೆ ಅದು ಅಪರಾಧವೇ. ಕಟ್ಟಡದ ಒಳಗಾದರೆ ಹೊರಗಿನವರು ಯಾರಾದರೂ ಅಲ್ಲಿ ಇರಬೇಕು, ಬರೀ ನೆಂಟರು ಸ್ನೇಹಿತರು ಇದ್ದರೆ ಸಾಲದು. 2020ರಲ್ಲಿ ಇನ್ನೊಂದು ತೀರ್ಪು ಬಂತು. ನಾಲ್ಕು ಗೋಡೆಯ ನಡುವೆ, ಹೊರಗಿನವರು ಯಾರೂ ಇಲ್ಲದಾಗ ಬೈದದ್ದು ಈ ಸೆಕ್ಷನ್ ಅಡಿ ಬರುವುದಿಲ್ಲ ಅಂತ.

ಇದನ್ನು ನಮ್ಮ ತೋಟಕ್ಕೆ ಹೊಂದಿಸಿ ನೋಡಿ. ಲೈನ್ ಮನೆ ತೋಟದ ಒಳಗೆ, ಮುಖ್ಯರಸ್ತೆಯಿಂದ ಎಷ್ಟೋ ದೂರ. ಅಲ್ಲಿರುವವರು ಯಾರು? ಬೈಸಿಕೊಂಡವಳ ಗಂಡ, ಅತ್ತೆ, ನಾದಿನಿ. ಅವರೆಲ್ಲ "ನೆಂಟರು" ಲೆಕ್ಕ. ಹೊರಗಿನವರು ಅಂದರೆ ನೀವು. ಮೆಣಸಿನ ರೇಟು ಮಾತಾಡಲು ಬಂದ ವ್ಯಾಪಾರಿ, ಪಕ್ಕದ ತೋಟದವರು, ಪಿಕಪ್ ಡ್ರೈವರ್, ಕರೆಂಟ್ ಲೈನ್ ಸರಿ ಮಾಡಲು ಬಂದ ಲೈನ್‌ಮನ್, ಲಸಿಕೆ ಹಾಕಲು ಬಂದ ಆಶಾ ಕಾರ್ಯಕರ್ತೆ. ನೀವು ಅಲ್ಲಿ ನಿಂತಿದ್ದಿರಿ ಅನ್ನುವುದೇ ಆ ಬೈಗುಳವನ್ನು ಅಪರಾಧ ಮಾಡುತ್ತದೆ. ನೀವು "ನಾನು ಅಲ್ಲಿರಲಿಲ್ಲ" ಅಂದರೆ ಕಾನೂನಿನ ಲೆಕ್ಕದಲ್ಲಿ ಏನೂ ನಡೆದೇ ಇಲ್ಲ. ಹಾಗಾಗಿ ಸುಮ್ನೆ ಇದ್ದೆ ಅಂದರೆ ಯಾರ ಕಡೆಯೂ ಇರಲಿಲ್ಲ ಅಂತ ಅಂದುಕೊಳ್ಳಬೇಡಿ.

ಯಾಕೆ ಬರುವುದಿಲ್ಲ ಅಂತಲೂ ನನಗೆ ಗೊತ್ತು. ಇದು ಚಿಕ್ಕ ಜಿಲ್ಲೆ. ಬೈದವರು ಮತ್ತು ನೋಡಿದವರು ಒಂದೇ ಸೊಸೈಟಿಯಲ್ಲಿ ಸಾಲ ತೆಗೆದವರು, ಒಂದೇ ಹಾಕಿ ಟೂರ್ನಮೆಂಟಿಗೆ ಚಂದಾ ಕೊಟ್ಟವರು, ಎಲ್ಲೋ ಒಂದು ಕಡೆ ಹೆಣ್ಣು ಕೊಟ್ಟು ತಂದವರು. ಇವತ್ತು ಠಾಣೆಯಲ್ಲಿ ಹೆಸರು ಬರೆಸಿದರೆ ನಾಳೆ ಮದುವೆ ಮನೆಯಲ್ಲಿ ಮುಖ ನೋಡಬೇಕಲ್ಲ. ಅದಕ್ಕೇ ನಮ್ಮಲ್ಲಿ ಎಲ್ಲವೂ ರಾಜಿಯಲ್ಲಿ ಮುಗಿಯುತ್ತದೆ. ಠಾಣೆಯ ರೈಟರ್ ಕೂರುವ ರೂಮಿನಲ್ಲಿ ಒಂದು ಪಂಚಾಯಿತಿ, ಕೈಗೆ ಒಂದು ಐನೂರರ ನೋಟು, "ಇನ್ನು ಮುಂದೆ ಹೀಗೆಲ್ಲ ಆಗಲ್ಲ, ಹೋಗಿ ಕೆಲಸ ಮಾಡು". ಆ ಕೆಲಸವೂ ಅದೇ ಸಾಹುಕಾರರದ್ದು, ಮನೆಯೂ ಅವರದ್ದೇ, ಮುಂಗಡ ಕೊಟ್ಟವರೂ ಅವರೇ. ಒಪ್ಪದೆ ಏನು ಮಾಡುತ್ತಾರೆ? ಇಂಥದ್ದಕ್ಕೆ ಒಬ್ಬರೇ ಎದುರು ನಿಲ್ಲಿ ಅಂತ ನಾನು ಹೇಳುವುದಿಲ್ಲ. ಇಬ್ಬರು ಹೋಗಿ, ಮೂವರು ಹೋಗಿ. ಒಬ್ಬರ ಸಹಿ ಇದ್ದರೆ "ಅವನಿಗೆ ಹಳೇ ದ್ವೇಷ" ಅನ್ನುತ್ತಾರೆ. ನಾಲ್ಕು ಸಹಿ ಇದ್ದರೆ ಹಾಗೆ ಅನ್ನುವುದು ಕಷ್ಟ.

ಎಲ್ಲದಕ್ಕೂ ಠಾಣೆಗೇ ಹೋಗಬೇಕು ಅಂತಲೂ ಇಲ್ಲ. ಬಸ್‌ನಲ್ಲಿ, ಅಂಗಡಿಯಲ್ಲಿ, ಆಸ್ಪತ್ರೆ ಕ್ಯೂನಲ್ಲಿ ಒಬ್ಬರಿಗೆ ಯಾರೋ ಕೆಟ್ಟದಾಗಿ ಮಾತಾಡುತ್ತಿದ್ದರೆ ಬೈಯುವವನ ಜೊತೆ ಜಗಳಕ್ಕಿಳಿಯಬೇಡಿ, ಅವನಿಗೆ ಬೇಕಾಗಿರುವುದು ಅದೇ. ಬೈಸಿಕೊಳ್ಳುವವರ ಪಕ್ಕ ಹೋಗಿ ನಿಂತು ಅವರ ಹತ್ತಿರ ಮಾತಾಡಿ. "ಅಕ್ಕಾ, ನೀವು ಬಂದು ಎಷ್ಟು ಹೊತ್ತಾಯ್ತು? ಈಗ ನಿಮ್ಮ ಸರದಿ ಅಲ್ವಾ?" ಇಷ್ಟು ಸಾಕು. ಅವರು ಒಂಟಿಯಲ್ಲ ಅಂತ ಅವನಿಗೂ ಗೊತ್ತಾಗುತ್ತದೆ, ಸುತ್ತ ಇರುವವರಿಗೂ. ಸಾಮಾನ್ಯವಾಗಿ ಇನ್ನೊಬ್ಬರು ಯಾರಾದರೂ ಅಲ್ಲೇ ದನಿಗೂಡಿಸುತ್ತಾರೆ. ಮೊದಲು ಬಾಯಿ ತೆರೆಯುವವರು ಇಲ್ಲ ಅಷ್ಟೇ. ಬೈದವನು ನಿಮ್ಮ ಗೆಳೆಯನೇ ಆಗಿದ್ದರೆ ಆಮೇಲೆ ಒಬ್ಬನೇ ಸಿಕ್ಕಾಗ ಹೇಳಿ. ನಾಲ್ಕು ಜನರ ಮುಂದೆ ಹೇಳಿದರೆ ಅವನು ಹಟ ಹಿಡಿಯುತ್ತಾನೆ, ಒಬ್ಬನೇ ಇದ್ದಾಗ ಕೆಲವರಾದರೂ ಕೇಳುತ್ತಾರೆ.

ವಿಡಿಯೊ ಮಾಡಿದರೆ ಮೂಲ ಫೋನಿನಲ್ಲಿ ಹಾಗೇ ಇರಲಿ, ಅಳಿಸಬೇಡಿ, ಕತ್ತರಿಸಬೇಡಿ. ಮುಖ್ಯವಾಗಿ ಗ್ರೂಪುಗಳಿಗೆ ಬಿಡಬೇಡಿ. ಒಬ್ಬರಿಗೆ ಆದ ಅವಮಾನವನ್ನು ಇಡೀ ಜಿಲ್ಲೆಗೆ ತೋರಿಸಿ "ನ್ಯಾಯ ಬೇಕು" ಅಂತ ಬರೆಯುವುದು ಯಾವ ಸೀಮೆ ನ್ಯಾಯವೋ ನನಗೆ ಗೊತ್ತಿಲ್ಲ. ಅವರನ್ನು ಕೇಳಿ, ಅವರು ಹೂಂ ಅಂದರೆ ಪೊಲೀಸರಿಗೆ ಕೊಡಿ. ಅದೇ ರಾತ್ರಿ ಒಂದು ಹಾಳೆಯಲ್ಲಿ ಬರೆದಿಡಿ: ಎಷ್ಟು ಗಂಟೆ, ಯಾವ ಜಾಗ, ಯಾರಿದ್ದರು, ಏನೆಂದರು. ಬೈಗುಳವನ್ನು ಇದ್ದದ್ದು ಇದ್ದ ಹಾಗೆ ಬರೆಯಿರಿ. "ಅವಾಚ್ಯ ಶಬ್ದಗಳಿಂದ ನಿಂದಿಸಿದರು" ಅಂತ ಮರ್ಯಾದೆಯಾಗಿ ಬರೆದರೆ ಕೇಸು ಅಲ್ಲೇ ಅರ್ಧ ಸತ್ತ ಹಾಗೆ. ಯಾವ ಪದ, ಯಾವ ಜಾತಿ ಹೆಸರು, ಅದೇ ಬೇಕು.

ಠಾಣೆಗೆ ಜೊತೆಯಲ್ಲಿ ಹೋದರೆ ಇಷ್ಟು ತಿಳಿದಿರಲಿ. ಬಾಯಲ್ಲಿ ಹೇಳಿದ ದೂರನ್ನು ಬರೆದುಕೊಂಡ ಮೇಲೆ ಓದಿ ಹೇಳಲೇಬೇಕು, ಆಮೇಲೆಯೇ ಸಹಿಯೋ ಹೆಬ್ಬೆಟ್ಟೋ. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು. ಇದನ್ನೆಲ್ಲ ಬೇಕಂತಲೇ ಮಾಡದ ಅಧಿಕಾರಿಗೆ ಅದೇ ದೌರ್ಜನ್ಯ ತಡೆ ಕಾಯ್ದೆಯ 4ನೇ ಸೆಕ್ಷನ್‌ನಲ್ಲಿ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು ಇದೆ. ಬೇಡವಾದ ಜಗಳ ಮಾಡಬೇಡಿ, ಆದರೆ ಇದು ನಿಮಗೆ ಗೊತ್ತಿದೆ ಅಂತ ಅವರಿಗೆ ಗೊತ್ತಾಗಲಿ. ತನಿಖೆ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರು ಮಾಡುವ ಹಾಗಿಲ್ಲ, 60 ದಿನದಲ್ಲಿ ಮುಗಿಯಬೇಕು. 15ಎ ಸೆಕ್ಷನ್ ಪ್ರಕಾರ ನೊಂದವರಿಗೂ ಸಾಕ್ಷಿಗಳಿಗೂ ರಕ್ಷಣೆ ಕೊಡಬೇಕು, ಓಡಾಟದ ಖರ್ಚು ಕೊಡಬೇಕು. ಸಮಾಜ ಸೇವಕರ, ವಕೀಲರ ಸಹಾಯ ತೆಗೆದುಕೊಳ್ಳುವ ಹಕ್ಕೂ ನೊಂದವರಿಗೆ ಇದೆ. ಹಾಗಾಗಿ "ನೀನ್ಯಾರು ಇದರಲ್ಲಿ?" ಅಂತ ಯಾರಾದರೂ ಕೇಳಿದರೆ ಉತ್ತರ ಇದೆ. ಫೋನ್ ಮಾಡುವುದಾದರೆ 14566, ರಾಷ್ಟ್ರೀಯ ಸಹಾಯವಾಣಿ.

ಎಫ್‌ಐಆರ್ ಆದ ಮೇಲಿನದ್ದೇ ನಿಜವಾದ ಕಷ್ಟ. ಕೋರ್ಟಿನ ದಿನ ಅಂದರೆ ಒಂದು ದಿನದ ಕೂಲಿ ಹೋಯಿತು. ಬೆಳಗ್ಗೆ ಮಡಿಕೇರಿಗೆ ಹೋಗಿ, ಮಧ್ಯಾಹ್ನದವರೆಗೆ ಕೂತು, ಮುಂದಿನ ತಾರೀಕು ತೆಗೆದುಕೊಂಡು ವಾಪಸ್. ಕುಯ್ಲಿನ ಸಮಯದಲ್ಲಿ ಹೀಗೆ ಆದರೆ ಗಂಡ ಹೆಂಡತಿ ಇಬ್ಬರ ಕೂಲಿಯೂ ಹೋಗುತ್ತದೆ. ಜಾತಿ ಪ್ರಮಾಣಪತ್ರ ಇಲ್ಲದಿದ್ದರೆ ಸರ್ಕಾರದ ಪರಿಹಾರವೂ ಅಲ್ಲೇ ನಿಲ್ಲುತ್ತದೆ. ಲೈನ್ ಮನೆಯಲ್ಲಿ ಇರುವವರಿಗೆ ವಿಳಾಸದ ದಾಖಲೆ ಎಲ್ಲಿಂದ ಬರಬೇಕು? ಸಾಹುಕಾರರು ಒಂದು ಪತ್ರ ಕೊಟ್ಟರೆ ಆಗುತ್ತದೆ, ಆದರೆ "ನಾಳೆ ಜಾಗ ನಂದು ಅಂದುಬಿಟ್ಟರೆ?" ಅಂತ ಕೊಡುವುದಿಲ್ಲ. ನಾಡಕಚೇರಿಗೆ ಒಂದು ದಿನ ಜೊತೆಯಲ್ಲಿ ಹೋಗಿ, ಆ ಕಾಗದ ಕೈಗೆ ಬರುವವರೆಗೆ ಬಿಡದೆ ವಿಚಾರಿಸಿ. ಕೋರ್ಟಿನ ದಿನದ ಕೂಲಿಯನ್ನು ನಾಲ್ಕು ಜನ ಸೇರಿ ಕೊಡಿ. ಇದರಲ್ಲಿ ಫೋಟೊ ತೆಗೆದು ಹಾಕುವಂಥದ್ದು ಏನೂ ಇಲ್ಲ, ಅದಕ್ಕೇ ಇರಬೇಕು ಇದಕ್ಕೆ ಯಾರೂ ಬರುವುದಿಲ್ಲ.

ಅಸ್ಸಾಂ, ಬಂಗಾಳ, ಜಾರ್ಖಂಡ್ ಕಡೆಯಿಂದ ಬಂದ ಕಾರ್ಮಿಕರ ಕಥೆ ಬೇರೆ. ಮುಖ ನೋಡಿ, ಮಾತು ಕೇಳಿ ಮಾಡುವ ಅವಮಾನಕ್ಕೆ ಅಂತಲೇ ಒಂದು ಕಾನೂನು ನಮ್ಮ ದೇಶದಲ್ಲಿಲ್ಲ. 2014ರಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೊ ತಾನಿಯಾ ದೆಹಲಿಯಲ್ಲಿ ಹೊಡೆತ ತಿಂದು ಸತ್ತ. ಅಂಗಡಿಯವರು ಅವನ ಕೂದಲು, ವೇಷ ನೋಡಿ ಹಂಗಿಸಿದ್ದರಿಂದ ಶುರುವಾದ ಜಗಳ ಅದು. ಆಮೇಲೆ ಕೂತ ಬೆಜ್‌ಬರುವಾ ಸಮಿತಿ ಹೊಸ ಸೆಕ್ಷನ್‌ಗಳನ್ನು ಸೇರಿಸಿ ಅಂತ ಶಿಫಾರಸು ಮಾಡಿತು, ಅವು ಕಾನೂನಾಗಲಿಲ್ಲ. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಒಂದು ವಿಷಯ ಮಾತ್ರ ಹೊಸದಾಗಿ ಇದೆ. ಐದು ಅಥವಾ ಜಾಸ್ತಿ ಜನ ಸೇರಿ ಜನಾಂಗ, ಜಾತಿ, ಹುಟ್ಟಿದ ಊರು, ಭಾಷೆ ಇಂಥ ಕಾರಣಕ್ಕೆ ಕೊಂದರೆ ಗುಂಪಿನ ಪ್ರತಿಯೊಬ್ಬನಿಗೂ ಮರಣದಂಡನೆ ಅಥವಾ ಜೀವಾವಧಿ, ತೀವ್ರವಾಗಿ ಗಾಯ ಮಾಡಿದರೆ ಏಳು ವರ್ಷದವರೆಗೆ ಜೈಲು. ಅಂದರೆ ಮೂಳೆ ಮುರಿದ ಮೇಲೆ, ಕೊಂದ ಮೇಲೆ ಕಾನೂನು ಬರುತ್ತದೆ. ಅಲ್ಲಿಯವರೆಗೆ ಬರಬೇಕಾದವರು ನಾವು.

ಗುಂಪು ಸೇರುವುದು ಎಲ್ಲಿಂದ ಶುರುವಾಗುತ್ತದೆ ಅಂತ ಕೇಳಿದರೆ ನಿಮ್ಮ ಫೋನ್ ತೋರಿಸುತ್ತೇನೆ. 2012ರ ಆಗಸ್ಟ್‌ನಲ್ಲಿ ಬರೀ ಎಸ್‌ಎಂಎಸ್ ಮತ್ತು ಬಾಯಿಮಾತಿನ ಗಾಳಿಸುದ್ದಿಗೆ ಹೆದರಿ ಸಾವಿರಾರು ಈಶಾನ್ಯದವರು ಬೆಂಗಳೂರು ಬಿಟ್ಟರು, ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಇನ್ನೂ ಕೆಟ್ಟದ್ದಾಯಿತು. ಸ್ನೇಹಿತರ ಗುಂಪೊಂದು ಕಾರಿನಲ್ಲಿ ಬಂದಿತ್ತು, ಒಬ್ಬರು ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಅಂತ ವಾಟ್ಸಾಪಿನಲ್ಲಿ ಹರಡಿತು. ಹೈದರಾಬಾದಿನ ಯುವಕನೊಬ್ಬನನ್ನು ಜನ ಹೊಡೆದು ಕೊಂದರು. ಆ ತಿಂಗಳೇ ವಾಟ್ಸಾಪ್‌ನವರು ಭಾರತದಲ್ಲಿ ಒಂದು ಸಂದೇಶವನ್ನು ಐದು ಕಡೆಗಿಂತ ಜಾಸ್ತಿ ಒಟ್ಟಿಗೆ ಫಾರ್ವರ್ಡ್ ಮಾಡದ ಹಾಗೆ ಮಾಡಿದ್ದು.

ಗ್ರೂಪ್ ಅಡ್ಮಿನ್‌ಗಳೇ, ಇದು ನಿಮಗೆ. ಬೆಳೆಗಾರರ ಗ್ರೂಪ್, ದೇವಸ್ಥಾನದ ಗ್ರೂಪ್, ಹಳೇ ವಿದ್ಯಾರ್ಥಿಗಳ ಗ್ರೂಪ್, ಎಲ್ಲದರಲ್ಲೂ ಒಂದು ಫೋಟೊ ಬರುತ್ತದೆ: "ಇವರು ಅನುಮಾನಾಸ್ಪದವಾಗಿ ಓಡಾಡುತ್ತಿದ್ದಾರೆ, ಶೇರ್ ಮಾಡಿ". ಅನುಮಾನ ಏನು ಅಂದರೆ ಮುಖ. ಅಷ್ಟೇ. "ಇದು ಯಾರು ತೆಗೆದ ಫೋಟೊ, ಯಾವತ್ತು, ಪೊಲೀಸರಿಗೆ ಹೇಳಿದ್ದೀರಾ?" ಅಂತ ಒಂದೇ ಸಾಲು ಕೇಳಿ. ಉತ್ತರ ಬರದಿದ್ದರೆ ಅಳಿಸಿ. ಗ್ರೂಪಿನಲ್ಲಿ ಒಬ್ಬಿಬ್ಬರು ಮುನಿಸಿಕೊಂಡು ಹೊರಗೆ ಹೋಗುತ್ತಾರೆ, ಹೋಗಲಿ, ಹುತ್ತರಿ ಹಬ್ಬಕ್ಕೆ ಮತ್ತೆ ಸೇರಿಕೊಳ್ಳುತ್ತಾರೆ.

ದಾಖಲೆ ಕೇಳುವುದರ ಬಗ್ಗೆಯೂ ಒಂದು ಮಾತು. ಕೆಲಸಕ್ಕೆ ಇಟ್ಟುಕೊಳ್ಳುವವರು ಗುರುತಿನ ಚೀಟಿ ನೋಡುವುದು, ಪೊಲೀಸರು ವಿಚಾರಿಸುವುದು ಬೇರೆ. ಆದರೆ ಆಟೊ ಸ್ಟ್ಯಾಂಡಿನಲ್ಲಿ ನಿಂತ ನಾಲ್ಕು ಹುಡುಗರು ಯಾರೋ ಒಬ್ಬನನ್ನು ತಡೆದು "ಆಧಾರ್ ತೋರಿಸು, ಕನ್ನಡ ಮಾತಾಡು" ಅನ್ನುವುದಕ್ಕೆ ಯಾವ ಅಧಿಕಾರವೂ ಇಲ್ಲ. ದೇಶದಲ್ಲಿ ಎಲ್ಲಿ ಬೇಕಾದರೂ ಓಡಾಡುವ, ನೆಲೆಸುವ ಹಕ್ಕು ಸಂವಿಧಾನದ 19ನೇ ವಿಧಿಯಲ್ಲಿದೆ. ಅದೂ ಅಲ್ಲದೆ, ಇಲ್ಲಿ ನಮ್ಮಲ್ಲಿ ಎಷ್ಟು ಜನರ ಅಜ್ಜ ಮುತ್ತಜ್ಜ ಇದೇ ಕಾಫಿ ಕೆಲಸಕ್ಕೆ, ಇದೇ ವ್ಯಾಪಾರಕ್ಕೆ ಘಟ್ಟ ಹತ್ತಿ ಬಂದವರು? ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಬ್ಯಾರಿ, ತಮಿಳು, ಕನ್ನಡ, ಎಲ್ಲ ಒಂದೇ ಬಸ್ಸಿನಲ್ಲಿ ಕೇಳಿಸುವ ಜಿಲ್ಲೆ ಇದು. ಇಲ್ಲಿ ಹೊಸ ಭಾಷೆ ಕೇಳಿ ಬೆಚ್ಚಿಬೀಳುವುದು ನಾಟಕ.

ಮಾಜಿ ಸೈನಿಕರಿಗೆ ಒಂದು ವಿಶೇಷ ವಿನಂತಿ. ಕೊಡಗಿನಲ್ಲಿ ಮನೆಗೊಬ್ಬರು ಅನ್ನುವಷ್ಟು ನೀವಿದ್ದೀರಿ. ತೇಜ್‌ಪುರ, ದಿಮಾಪುರ ಹೀಗೆ ಈಶಾನ್ಯದ ಕಡೆ ವರ್ಷಗಟ್ಟಲೆ ಇದ್ದು ಬಂದವರು ನಿಮ್ಮಲ್ಲಿ ಎಷ್ಟೋ ಜನ. ಹಿಂದಿ ಬರುತ್ತದೆ, ಆ ಊರುಗಳು ಗೊತ್ತು, ಪೊಲೀಸ್ ಠಾಣೆಯಲ್ಲಿ ನಿಮಗೆ ಕುರ್ಚಿ ಕೊಡುತ್ತಾರೆ. ಆಸ್ಪತ್ರೆಯಲ್ಲಿ, ಠಾಣೆಯಲ್ಲಿ ಆ ಕಾರ್ಮಿಕರ ಮಾತನ್ನು ಕನ್ನಡಕ್ಕೆ ಹೇಳಲು ನಿಮಗಿಂತ ಯೋಗ್ಯರು ಯಾರು? ಮತ್ತೆ ನಿಮಗೆ ನೆನಪಿಸಬೇಕಾಗಿಲ್ಲ, ನಮ್ಮ ಕಾರ್ಯಪ್ಪನವರು 1919ರಲ್ಲಿ ಕಮಿಷನ್ ಪಡೆದು ಅಧಿಕಾರಿಯಾದ ಕಾಲದಲ್ಲಿ ಬ್ರಿಟಿಷರ ಸೈನ್ಯ ಹೇಗಿತ್ತು ಅಂತ. 1923ರಲ್ಲಿ ಎಂಟೇ ಎಂಟು ತುಕಡಿಗಳನ್ನು ಆರಿಸಿ ಭಾರತೀಯ ಅಧಿಕಾರಿಗಳನ್ನು ಅವುಗಳಿಗೆ ಹಾಕುವ ಯೋಜನೆ ಮಾಡಿದರು. ಬಿಳಿಯ ಅಧಿಕಾರಿ ಕಂದು ಬಣ್ಣದವನ ಕೈಕೆಳಗೆ ಕೆಲಸ ಮಾಡುವ ಪರಿಸ್ಥಿತಿ ಬರಬಾರದು ಅನ್ನುವುದು ಅದರ ಒಳಲೆಕ್ಕ. ಅದನ್ನೆಲ್ಲ ದಾಟಿ 1949ರ ಜನವರಿ 15ರಂದು ಅವರು ಸೇನೆಯ ಮುಖ್ಯಸ್ಥರಾದರು. ನಮ್ಮ ಗೋಣಿಕೊಪ್ಪಲಿನ ಕಾವೇರಿ ಕಾಲೇಜಿನಲ್ಲಿ ಅವರದ್ದೂ ತಿಮ್ಮಯ್ಯನವರದ್ದೂ ಪ್ರತಿಮೆ ಇದೆ. ಹಾರ ಹಾಕುವಾಗ ಇದನ್ನೂ ಮಕ್ಕಳಿಗೆ ಹೇಳಬಹುದಲ್ವಾ?

ಅಂಗಡಿ, ಹೋಟೆಲ್, ಹೋಂಸ್ಟೇ ನಡೆಸುವವರು "ನಮ್ಮದು ವ್ಯಾಪಾರ, ನಮಗೆ ರಾಜಕೀಯ ಬೇಡ" ಅನ್ನುತ್ತೀರಿ. ಅಂಗಡಿಗೆ ಬರುವವರನ್ನು ಜಾತಿ, ಜನಾಂಗ, ಹುಟ್ಟಿದ ಊರು ನೋಡಿ ತಡೆಯಬಾರದು ಅಂತ ಸಂವಿಧಾನದ 15ನೇ ವಿಧಿಯೇ ಹೇಳುತ್ತದೆ, ಅದು ರಾಜಕೀಯವಲ್ಲ. ನಿಮಗೆ ಮೇರಿ ಮ್ಯಾನಿಂಗ್ ಕಥೆ ಹೇಳುತ್ತೇನೆ. ಐರ್ಲೆಂಡಿನ ಡಬ್ಲಿನ್ ನಗರದ ಡನ್ಸ್ ಎಂಬ ಸೂಪರ್ ಮಾರ್ಕೆಟ್‌ನಲ್ಲಿ ಕ್ಯಾಷಿಯರ್, 21 ವರ್ಷ. 1984ರ ಜುಲೈನಲ್ಲಿ ಗಿರಾಕಿಯೊಬ್ಬರು ಚಕ್ಕೋತದಂಥ ಎರಡು ಹಣ್ಣು ತಂದು ಬಿಲ್ಲಿಗೆ ಇಟ್ಟರು. ದಕ್ಷಿಣ ಆಫ್ರಿಕದ ಹಣ್ಣು. ಅಲ್ಲಿ ಆಗ ವರ್ಣಭೇದದ ಸರ್ಕಾರ, ಅಲ್ಲಿನ ಮಾಲನ್ನು ಮುಟ್ಟಬೇಡಿ ಅಂತ ಅವರ ಯೂನಿಯನ್ ಹೇಳಿತ್ತು. ಮೇರಿ ಬಿಲ್ ಮಾಡುವುದಿಲ್ಲ ಅಂದಳು. ಸಸ್ಪೆಂಡ್ ಮಾಡಿದರು. ಜೊತೆಯವರು ಸುಮಾರು ಹತ್ತು ಜನ ಕೆಲಸ ಬಿಟ್ಟು ಹೊರಗೆ ಬಂದರು. ದಕ್ಷಿಣ ಆಫ್ರಿಕದ ಬಗ್ಗೆ ಅವರಿಗೆ ಆಗ ಹೆಚ್ಚೇನೂ ಗೊತ್ತಿರಲಿಲ್ಲ, ಬೀದಿಯಲ್ಲಿ ನಿಂತು ನಿಂತೇ ಕಲಿತರು. ಎರಡೂವರೆ ವರ್ಷಕ್ಕೂ ಜಾಸ್ತಿ ನಿಂತರು. 1987ರಲ್ಲಿ ಐರ್ಲೆಂಡ್ ಸರ್ಕಾರ ಅಲ್ಲಿನ ಹಣ್ಣು ತರಕಾರಿ ಆಮದನ್ನೇ ನಿಲ್ಲಿಸಿತು. ನೆಲ್ಸನ್ ಮಂಡೇಲಾ ಜೈಲಿಂದ ಹೊರಬಂದ ವರ್ಷ ಡಬ್ಲಿನ್‌ಗೆ ಹೋದಾಗ ಈ ಮುಷ್ಕರದವರನ್ನು ಭೇಟಿ ಮಾಡಿದರು. ನಿಮಗೆ ಎರಡೂವರೆ ವರ್ಷ ಬೀದಿಯಲ್ಲಿ ನಿಲ್ಲಿ ಅಂತ ಯಾರೂ ಹೇಳುತ್ತಿಲ್ಲ. "ಆ ಟೈಪ್ ಜನಕ್ಕೆ ರೂಮ್ ಕೊಡಬೇಡ" ಅಂತ ಯಾರಾದರೂ ಅಂದರೆ, ಕೊಡುತ್ತೇನೆ ಅನ್ನಿ. ನಿಮ್ಮ ಗಿರಾಕಿ ನಿಮ್ಮ ಕೆಲಸದ ಹುಡುಗಿಯನ್ನು "ಚೈನೀಸ್" ಅಂದರೆ, ಬಿಲ್ ಎಷ್ಟೇ ದೊಡ್ಡದಿರಲಿ, ಹಾಗೆ ಅನ್ನಬೇಡಿ ಸರ್ ಅನ್ನಿ.

ಹೋರಾಟದಲ್ಲಿ ಆಗಲೇ ಇರುವವರಿಗೆ, ಹೊಸದಾಗಿ ಉತ್ಸಾಹದಿಂದ ಬರುವವರಿಗೆ ಒಂದೇ ಮಾತು. ಮೈಕ್ ನಿಮ್ಮ ಕೈಯಲ್ಲಿ ಇಟ್ಟುಕೊಳ್ಳಬೇಡಿ. 2016ರ ಡಿಸೆಂಬರ್‌ನಲ್ಲಿ ನಮ್ಮ ಜಿಲ್ಲೆಯ ದಿಡ್ಡಳ್ಳಿಯಲ್ಲಿ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲು ಕಿತ್ತಾಗ ಮರ ಹತ್ತಿ ನಿಂತದ್ದು ಅಲ್ಲಿನ ಮುತ್ತಮ್ಮ. ಹೊರಗಿನಿಂದ ಬಂದವರು ಬೇಕಾಗಿತ್ತು, ಬಂದದ್ದು ಒಳ್ಳೆಯದೇ ಆಯಿತು, ಆಮೇಲೆ ಬ್ಯಾಡಗೊಟ್ಟ, ಬಸವನಹಳ್ಳಿಗಳಲ್ಲಿ ಮನೆಗಳೂ ಆದವು. ಆದರೆ ಏನು ಬೇಕು, ಎಲ್ಲಿ ಬೇಕು ಅಂತ ಹೇಳಬೇಕಾದವರು ಅವರು. ಅವರು ಹೇಳಿದ್ದು ನಮಗೆ ಅನುಕೂಲವಾಗದಿದ್ದರೂ ಕೇಳಬೇಕು. ಮೇ ತಿಂಗಳಲ್ಲಿ ದೇವರಪುರದ ಕುಂಡೆ ಹಬ್ಬಕ್ಕೆ ಹೋಗುತ್ತೀರಲ್ಲ, ಜೇನು ಕುರುಬರು, ಎರವರು ವೇಷ ಹಾಕಿಕೊಂಡು ಬಂದು ಎದುರು ಸಿಕ್ಕ ಎಲ್ಲರಿಗೂ, ಸಾಹುಕಾರರಿಗೂ ಪೊಲೀಸರಿಗೂ, ದೇವರಿಗೂ, ಬಾಯಿಗೆ ಬಂದ ಹಾಗೆ ಬೈಯುತ್ತಾರೆ, ನಾವು ಕಾಸು ಕೊಟ್ಟು ನಗುತ್ತೇವೆ. ಅದೊಂದು ದಿನ ಅವರ ಮಾತು ಕೇಳುವುದು ನಮಗೆ ತಮಾಷೆ. ಉಳಿದ ದಿನಗಳಲ್ಲಿ ಅವರು ಮೆಲ್ಲಗೆ, ಮರ್ಯಾದೆಯಿಂದ ಹೇಳಿದ್ದನ್ನೂ ಕೇಳಲು ನಮಗೆ ಪುರುಸೊತ್ತಿಲ್ಲ.

ಕೊನೆಗೆ ಜಿಲ್ಲಾಧಿಕಾರಿಗಳಿಗೆ, ಪೊಲೀಸ್ ವರಿಷ್ಠಾಧಿಕಾರಿಗಳಿಗೆ. ದೌರ್ಜನ್ಯ ತಡೆ ನಿಯಮದ ಪ್ರಕಾರ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಾಗೃತಿ ಸಮಿತಿ ಮೂರು ತಿಂಗಳಿಗೆ ಒಮ್ಮೆಯಾದರೂ ಸೇರಬೇಕು. ಆ ಸಭೆಯ ದಿನವನ್ನು ಗ್ರಾಮ ಪಂಚಾಯಿತಿ ಬೋರ್ಡಿನಲ್ಲಿ ಮೊದಲೇ ಹಾಕಿಸಿ. ಏನು ಮಾತಾಡಿದಿರಿ, ಯಾವ ಕೇಸು ಎಲ್ಲಿಗೆ ಬಂತು ಅಂತ ಆಮೇಲೆ ಅದೇ ಬೋರ್ಡಿನಲ್ಲಿ ಹಾಕಿಸಿ, ಹೆಸರುಗಳು ಬೇಡ. ಸಾಕ್ಷಿಗಳ ಓಡಾಟದ ಖರ್ಚು ಅವರು ಕೇಳಿದ ಮೇಲೆ ಕೊಡುವ ಬದಲು ಬಂದ ದಿನವೇ ಕೊಡಿ, ಅಷ್ಟು ಮಾಡಿದರೆ ಎಷ್ಟೋ ಜನ ಬರುತ್ತಾರೆ. ಕಾರ್ಮಿಕರ ದಾಖಲೆ ಪರಿಶೀಲನೆಗೆ ಲೈನ್ ಮನೆಗಳಿಗೆ ಹೋಗುವ ಸಿಬ್ಬಂದಿ ಜೊತೆಗೆ ಅವರ ಭಾಷೆ ಬರುವವರನ್ನು ಕಳಿಸಿ, ಹಾಗೆ ಹೋದಾಗ ದೂರು ಕೊಡುವ ನಂಬರನ್ನೂ ಗೋಡೆಗೆ ಅಂಟಿಸಿ ಬನ್ನಿ. ಈಗ ಅವರಿಗೆ ಪೊಲೀಸ್ ಅಂದರೆ ಆಧಾರ್ ಕೇಳುವವರು ಅಂತ ಮಾತ್ರ ಗೊತ್ತು.

ನನ್ನ ಪಾಲಿನದ್ದು ಹೇಳಿಬಿಡುತ್ತೇನೆ. ಇಂಥ ದೂರು ಬರೆಸಲು ಬಂದವರಿಂದ ಟೈಪಿಂಗಿಗೂ ಜೆರಾಕ್ಸಿಗೂ ದುಡ್ಡು ತೆಗೆದುಕೊಳ್ಳುವುದಿಲ್ಲ. ಭಾನುವಾರ ಸಂತೆ ಮುಗಿಯುವವರೆಗೂ ಅಂಗಡಿ ತೆರೆದಿರುತ್ತದೆ. ನೀವು ನೋಡಿದ್ದು ಏನಾದರೂ ಇದ್ದರೆ ನೀವೂ ಬನ್ನಿ, ನಿಮ್ಮ ಹೇಳಿಕೆಯನ್ನು ಬೇರೆ ಹಾಳೆಯಲ್ಲಿ ಟೈಪ್ ಮಾಡಿಕೊಡುತ್ತೇನೆ. ಬರುವಾಗ ಗುರುತಿನ ಚೀಟಿ ತನ್ನಿ, ಸಾಧ್ಯವಾದರೆ ನಿಮ್ಮ ಜೊತೆ ಆ ದಿನ ಅಲ್ಲಿದ್ದ ಇನ್ನೊಬ್ಬರನ್ನೂ ಕರೆದುಕೊಂಡು ಬನ್ನಿ.

ಇಂತಿ,
ಗೋಣಿಕೊಪ್ಪಲಿನ ಒಬ್ಬ ಜೆರಾಕ್ಸ್ ಅಂಗಡಿಯವನು